ಹೌದಪ್ಪನ ಚಾವಡಿ

“ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರಾರು?” ಈ ಗಾದೆಯನ್ನು ನಿಮ್ಮಲ್ಲಿ ಹಲವರು ನನ್ನ ತರಗತಿಯಲ್ಲಿಯೇ ವಿಸ್ತರಿಸಿ ಬರೆದು ಅಂಕ ಪಡೆದಿದ್ದೀರಿ. ಇಂದು ನಮ್ಮ ಒಂದೊಂದು ಮನೆಯೂ ಅಂಥ ಚಾವಡಿಯಾಗಿದೆ. ತಮ್ಮ ಪಕ್ಷವನ್ನು ಹೊಗಳುವ ಪತ್ರಿಕೆಯೊಂದೇ, ವಾಹಿನಿಯೊಂದೇ, ತಲೆದೂಗುವ ಗೆಳೆಯರು ಮಾತ್ರ. ರಾಜಕೀಯ ಭಿನ್ನಾಭಿಪ್ರಾಯಕ್ಕಾಗಿ ಅಣ್ಣತಮ್ಮಂದಿರು ಮದುವೆಮನೆಯ ಪಂಕ್ತಿಯಲ್ಲಿಯೂ ಮುಖ ತಿರುಗಿಸಿ ಕುಳಿತುದನ್ನು ಕಂಡಿದ್ದೇನೆ.

“ಒಪ್ಪದ ಮಾತು ಕೇಳದಿದ್ದರೆ ನಷ್ಟವೇನು? ಮನಸ್ಸಿಗೆ ನೆಮ್ಮದಿಯಲ್ಲವೆ?” ಎನ್ನುವವರಿದ್ದಾರೆ. ಅವರಿಗೆ ನನ್ನ ಉತ್ತರವಾಗಿ ಚರಿತ್ರೆಯಿಂದ ಒಂದೇ ನಿದರ್ಶನ ಸಾಕು.

1975ರ ಜೂನ್ 25ರಂದು ಇಂದಿರಾ ಗಾಂಧಿಯವರ ಸರ್ಕಾರವು ದೇಶದ ಮೇಲೆ ತುರ್ತು ಪರಿಸ್ಥಿತಿಯನ್ನು ಹೇರಿತು. ವಿರೋಧಪಕ್ಷಗಳ ನಾಯಕರು ಸೆರೆಮನೆ ಸೇರಿದರು. ಪತ್ರಿಕೆಗಳ ಮೇಲೆ ಸೆನ್ಸಾರ್ ಬಂದಿತು. ಉತ್ತರ ಭಾರತದಲ್ಲಿ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. 1976ರಲ್ಲಿ ದೆಹಲಿಯ ತುರ್ಕ್‌ಮನ್ ಗೇಟ್ ಬಳಿ ಬಡವರ ಮನೆಗಳು ನೆಲಸಮವಾದವು. ಹಳ್ಳಿಹಳ್ಳಿಗಳಲ್ಲಿ ಹೊಗೆಯಾಡುತ್ತಿದ್ದ ಸಿಟ್ಟು ಪತ್ರಿಕೆಗಳಲ್ಲಿ ಅಚ್ಚಾಗಲಿಲ್ಲ. ಜನರ ಬಾಯಿ ಕಟ್ಟಿದವರು ತಮ್ಮ ಕಿವಿಯನ್ನೂ ಕಟ್ಟಿಕೊಂಡಂತಾಯಿತು. 1977ರ ಮಾರ್ಚ್ ಚುನಾವಣೆಯಲ್ಲಿ ಉತ್ತರಪ್ರದೇಶದ 85 ಹಾಗೂ ಬಿಹಾರದ 54 ಲೋಕಸಭಾ ಸ್ಥಾನಗಳಲ್ಲಿ ಆಳುವ ಕಾಂಗ್ರೆಸ್ಸಿಗೆ ಒಂದೂ ದಕ್ಕಲಿಲ್ಲ. ರಾಯ್‌ಬರೇಲಿಯಲ್ಲಿ ಪ್ರಧಾನಿಯವರೇ ಸೋತರು.

ಅದೇ ಚುನಾವಣೆಯಲ್ಲಿ ನಮ್ಮ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅದೇ ಪಕ್ಷಕ್ಕೆ ಕೊಟ್ಟಿತು. ದೇವರಾಜ ಅರಸರ ಭೂಸುಧಾರಣೆ ಇದಕ್ಕೊಂದು ಕಾರಣ. ಉತ್ತರದವರ ಗೋಳು ನಮ್ಮ ಕಿವಿಗೆ ಬೀಳದಿದ್ದುದು ಇನ್ನೊಂದು ಕಾರಣವೆಂದು ನಾನು ಬಲವಾಗಿ ನಂಬಿದ್ದೇನೆ.

ಇದನ್ನೋದಿ ಬೇರೆ ಪಕ್ಷಗಳವರು ಹಿಗ್ಗಬೇಕಿಲ್ಲ. ಅಂದು ನಮ್ಮ ಕಿವಿ ಮುಚ್ಚಲು ಸರ್ಕಾರಕ್ಕೆ ಅಧಿಕಾರಿಗಳು ಬೇಕಾಗಿದ್ದರು. ಇಂದು ಸಂಬಳವಿಲ್ಲದೆ, ಬಲವಂತವಿಲ್ಲದೆ, ಎಲ್ಲ ಪಕ್ಷಗಳವರೂ ತಮ್ಮ ತಮ್ಮ ಮನೆಗೆ ತಾವೇ ಸೆನ್ಸಾರ್ ಅಧಿಕಾರಿಗಳಾಗಿದ್ದಾರೆ!

ಇದು ನಮ್ಮ ಪರಂಪರೆಯಲ್ಲ. ಪೂರ್ವಪಕ್ಷವನ್ನು ಮಂಡಿಸದೆ ಸಿದ್ಧಾಂತಕ್ಕೆ ಬರುವುದು ನಮ್ಮ ಶಾಸ್ತ್ರಕಾರರ ಕ್ರಮವಾಗಿರಲಿಲ್ಲ. ರಾಮಾನುಜಾಚಾರ್ಯರು ಶ್ರೀಭಾಷ್ಯದ ಆರಂಭದಲ್ಲಿಯೇ ತಾವು ಖಂಡಿಸಲಿರುವ ಅದ್ವೈತವಾದವನ್ನು ಸುದೀರ್ಘವಾಗಿ ನಿರೂಪಿಸುತ್ತಾರೆ. ಎದುರಾಳಿಯ ವಾದವನ್ನು ದುರ್ಬಲಗೊಳಿಸಿ ಗೆದ್ದರೆ ಅದು ಹುಲ್ಲಿನ ಬೊಂಬೆಯನ್ನು ಗೆದ್ದಂತೆ ಎಂಬುದನ್ನು ಅವರು ಅರಿತಿದ್ದರು.

ಹಾಗಾದರೆ ಎಲ್ಲ ಅಭಿಪ್ರಾಯಗಳೂ ಸಮವೆ? ಖಂಡಿತ ಅಲ್ಲ. ಸುಳ್ಳು ಸುಳ್ಳೇ, ದ್ವೇಷ ದ್ವೇಷವೇ. ಕೇಳುವುದೆಂದರೆ ಒಪ್ಪುವುದಲ್ಲ. ಆದರೆ ಕೇಳದೆ ತಳ್ಳಿದ್ದು ಸುಳ್ಳೋ ನಿಜವೋ ತಿಳಿಯುವ ಬಗೆಯಾದರೂ ಯಾವುದು?

ನನ್ನ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಒಂದು ಮನೆಪಾಠ ಕೊಡುತ್ತೇನೆ. ನೀವು ಅತ್ಯಂತ ವಿರೋಧಿಸುವ ಒಂದು ಅಭಿಪ್ರಾಯವನ್ನು ಆರಿಸಿಕೊಳ್ಳಿ. ಅದನ್ನು ನಂಬಿದವರು ಓದಿ “ನನ್ನ ಮಾತು ಇದೇ” ಎಂದು ಒಪ್ಪುವಂತೆ ಹತ್ತು ಸಾಲು ಬರೆಯಿರಿ. ಬರೆಯಲಾಗದಿದ್ದರೆ ಅದನ್ನು ಖಂಡಿಸುವ ಅರ್ಹತೆ ನಿಮಗಿನ್ನೂ ಬಂದಿಲ್ಲ.