ನೆನಪಿಗೂ ಬೆಲೆ ಕಟ್ಟಿದರು

ವಾಚಕರು ಮೊದಲು ಎರಡು ಅಂಕಿಗಳನ್ನು ನೋಡಬೇಕು. ೧೯೯೬ರ ಆಗಸ್ಟ್ ೧೦ ಮತ್ತು ೧೧ರಂದು ಇಂಗ್ಲೆಂಡಿನ ನೆಬ್‌ವರ್ತ್ ಎಂಬಲ್ಲಿ, ಬಯಲಿನಲ್ಲಿ, ಓಯಸಿಸ್ ಎಂಬ ರಾಕ್ ಮೇಳ ಹಾಡಿತು. ಅಂದು ಟಿಕೆಟ್ಟಿನ ಬೆಲೆ ೨೨.೫೦ ಪೌಂಡು. ಅದೇ ಮೇಳ ಮುರಿದುಬಿದ್ದು, ಹದಿನೈದು ವರ್ಷಗಳ ಮೇಲೆ ಮತ್ತೆ ಕೂಡುವುದೆಂದು ಸಾರಿ, ೨೦೨೪ರ ಆಗಸ್ಟ್ ೩೧ರಂದು ಟಿಕೆಟ್ ಮಾರಲು ತೊಡಗಿದಾಗ, ನಿಂತು ನೋಡುವ ಜಾಗಕ್ಕೆ ಹಲವರು ತೆತ್ತದ್ದು ೩೫೫ ಪೌಂಡು. ಸಾಮಾನುಗಳ ದರ ಈ ನಡುವೆ ಏರಿಲ್ಲವೇ ಎಂದು ಕೇಳಬಹುದು. ಏರಿದೆ. ಆ ಏರಿಕೆಯನ್ನು ಧಾರಾಳವಾಗಿಯೇ ಲೆಕ್ಕ ಹಾಕಿದರೂ ಅಂದಿನ ೨೨.೫೦ ಪೌಂಡು ಇಂದು ೬೦ ಪೌಂಡನ್ನು ದಾಟಲಾರದು. ಹಾಗಾದರೆ ಉಳಿದ ಸುಮಾರು ೩೦೦ ಪೌಂಡು ಯಾವ ಸರಕಿನ ಬೆಲೆ? ಅದೇ ಈ ಲೇಖನದ ವಿಷಯ.

ನಮ್ಮ ವಾಚಕರಲ್ಲಿ ಅನೇಕರಿಗೆ ಈ ಮೇಳದ ಹೆಸರು ಹೊಸದಿರಬಹುದು. ಅದರ ಹುಟ್ಟನ್ನು ಸ್ವಲ್ಪ ಹೇಳಬೇಕು. ಮ್ಯಾಂಚೆಸ್ಟರ್ ಹತ್ತಿಗಿರಣಿಗಳ ಊರೆಂಬುದನ್ನು ಶಾಲೆಯ ಚರಿತ್ರೆ ಪುಸ್ತಕದಲ್ಲಿ ಓದಿದವರಿಗೆಲ್ಲ ಗೊತ್ತು. ಆ ಊರಿನ ಬರ್ನೇಜ್ ಎಂಬ ಬಡಾವಣೆಯಲ್ಲಿ, ಪುರಸಭೆ ಬಾಡಿಗೆಗೆ ಕೊಟ್ಟ ಮನೆಯಲ್ಲಿ, ಐರ್ಲೆಂಡಿನಿಂದ ಬಂದ ತಾಯಿಯೊಬ್ಬಳು ಗಂಡನ ಹೊಡೆತ ತಾಳಲಾರದೆ ಅವನನ್ನು ಬಿಟ್ಟು, ಮೂವರು ಗಂಡುಮಕ್ಕಳನ್ನು ಒಬ್ಬಳೇ ಸಾಕಿದಳು. ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವುದು ಆಕೆಯ ಉದ್ಯೋಗವಾಗಿತ್ತು. ಆ ಮಕ್ಕಳಲ್ಲಿ ಇಬ್ಬರು ನೋಯೆಲ್ ಗ್ಯಾಲಗರ್ ಮತ್ತು ಲಿಯಾಮ್ ಗ್ಯಾಲಗರ್. ನೋಯೆಲ್ ಗ್ಯಾಸ್ ಕೊಳವೆ ಹಾಕುವ ಗುತ್ತಿಗೆದಾರನ ಕೈಕೆಳಗೆ ಕೂಲಿಯಾಗಿದ್ದ. ಕಾಲಿಗೆ ಪೆಟ್ಟಾದ ಮೇಲೆ ಉಗ್ರಾಣದ ಹಗುರ ಕೆಲಸ ಕೊಟ್ಟರು. ಅಲ್ಲಿ ಹಾಡು ಕಟ್ಟಲು ಪುರುಸೊತ್ತು ದೊರೆಯಿತೆಂದು ಅವನೇ ಹೇಳಿಕೊಂಡಿದ್ದಾನೆ. ಮುಂದೆ ಬೇರೊಂದು ಮೇಳದ ಸಾಮಾನು ಹೊತ್ತು ಊರೂರು ತಿರುಗಿದ. ಮೇಳದ ಇನ್ನೊಬ್ಬ ಗಿಟಾರುಗಾರ ಗಾರೆ ಕೆಲಸದವ. ೧೯೯೩ರ ಮೇ ತಿಂಗಳಲ್ಲಿ ಗ್ಲಾಸ್ಗೋ ನಗರದ ಒಂದು ಪುಟ್ಟ ಹಾಡುಮನೆಯಲ್ಲಿ ಇವರನ್ನು ಕೇಳಿ ಕರಾರು ಮಾಡಿಕೊಂಡ ಅಲನ್ ಮೆಗೀ ಎಂಬಾತ ಹಿಂದೆ ರೈಲ್ವೆ ಗುಮಾಸ್ತನಾಗಿದ್ದವ.

ಇಂಥವರ ಮೊದಲ ಧ್ವನಿಮುದ್ರಿಕೆ ೧೯೯೪ರ ಆಗಸ್ಟಿನಲ್ಲಿ ಬಂತು. ಎರಡನೆಯದು ೧೯೯೫ರ ಅಕ್ಟೋಬರಿನಲ್ಲಿ. ಎರಡೇ ವರ್ಷಗಳಲ್ಲಿ ಆ ದೇಶದ ದುಡಿಯುವ ಮನೆಗಳ ಹುಡುಗ ಹುಡುಗಿಯರು ಇವರನ್ನು ತಮ್ಮವರೆಂದು ಎತ್ತಿಕೊಂಡರು. ನೆಬ್‌ವರ್ತಿನ ಎರಡು ರಾತ್ರಿಗಳಿಗೆ ಎರಡೂವರೆ ಲಕ್ಷ ಜನ ಸೇರಿದರು. ಟಿಕೆಟ್ಟಿಗೆ ಕೈಯೊಡ್ಡಿದವರು ೨೫ ಲಕ್ಷಕ್ಕೂ ಮಿಕ್ಕು. ಇದರ ಕಾರಣ ಹುಡುಕಲು ಸಂಗೀತ ಶಾಸ್ತ್ರ ಬೇಕಿಲ್ಲ. ಗಣಿಗಳು ಮುಚ್ಚಿ, ಕಾರ್ಖಾನೆಗಳು ಮುಚ್ಚಿ, ತಂದೆಯ ಉದ್ಯೋಗ ಮಗನಿಗೆ ಇಲ್ಲವಾದ ಒಂದು ತಲೆಮಾರಿಗೆ, ತಮ್ಮ ಬೀದಿಯ ಮಾತಿನಲ್ಲಿ, ತಮ್ಮ ಬೀದಿಯ ನಡಿಗೆಯಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ ಹಾಡುವವರು ಸಿಕ್ಕಿದ್ದರು. ಹಾಡಿದವನ ಗಂಟಲಿಗಿಂತ ಜೊತೆಗೂಡಿ ಹಾಡಿದ ಜನರ ಗಂಟಲು ದೊಡ್ಡದಾಗಿತ್ತು.

ಆ ದಿನಗಳನ್ನು ಇಂದು ನೆನೆಯುವವರು ಐವತ್ತರ ಆಸುಪಾಸಿನವರು. ನೆಬ್‌ವರ್ತಿನ ೨೫ನೆಯ ವರ್ಷಕ್ಕೆ, ೨೦೨೧ರಲ್ಲಿ, ಒಂದು ಚಲನಚಿತ್ರವೂ ಬಂತು. ಅದರಲ್ಲಿ ಕತೆ ಹೇಳುವವರು ಹೆಚ್ಚಾಗಿ ಅಂದು ಬಂದಿದ್ದ ಸಾಮಾನ್ಯ ಜನ: ಟಿಕೆಟ್ಟಿಗಾಗಿ ಹೇಗೆ ಕಾದೆವು, ಟೆಲಿಫೋನು ಹೇಗೆ ತಿರುಗಿಸಿದೆವು, ಯಾರ ಜೊತೆಯಲ್ಲಿ ಹೋದೆವು ಎಂಬ ಮಾತುಗಳು. ಅಂದು ಕೈಯಲ್ಲಿ ಮೊಬೈಲ್ ಇರಲಿಲ್ಲ, ಚಿತ್ರ ತೆಗೆಯುವ ಗೊಡವೆಯಿರಲಿಲ್ಲ, ಕಣ್ಣಿದ್ದದ್ದು ಹಾಡುಗಾರರ ಮೇಲೆ ಮತ್ತು ಪಕ್ಕದವರ ಮೇಲೆ ಎಂದು ಅವರು ಪದೇ ಪದೇ ಹೇಳುತ್ತಾರೆ. ಈ ನೆನಪನ್ನು ಹಗುರವಾಗಿ ಕಾಣುವವನು ನಾನಲ್ಲ. ಕೆಲಸದಿಂದ ದಣಿದ ಮನುಷ್ಯನಿಗೆ ತನ್ನ ಯೌವನದ ಒಂದು ಒಳ್ಳೆಯ ರಾತ್ರಿ ಎಂಬುದು ಸಣ್ಣ ಆಸ್ತಿಯಲ್ಲ. ಎಷ್ಟೋ ಜನರಿಗೆ ಅದೊಂದೇ ಆಸ್ತಿ.

ಆ ಹಾಡುಗಳು ನಿಜವಾಗಿ ಜನರ ಸೊತ್ತಾಗಿವೆ ಎಂಬುದಕ್ಕೆ ಒಂದು ಸಾಕ್ಷಿ ಸಾಕು. ೨೦೧೭ರ ಮೇ ೨೨ರಂದು ಮ್ಯಾಂಚೆಸ್ಟರಿನ ಒಂದು ಸಂಗೀತ ಕಚೇರಿಯಲ್ಲಿ ಬಾಂಬು ಸಿಡಿದು ೨೨ ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಮೂರನೆಯ ದಿನ ಸೇಂಟ್ ಆ್ಯನ್ಸ್ ಚೌಕದಲ್ಲಿ ಜನ ಕೂಡಿ ಒಂದು ನಿಮಿಷ ಮೌನವಾಗಿ ನಿಂತರು. ಮೌನ ಮುಗಿದೊಡನೆ ಗುಂಪಿನ ನಡುವಿನಿಂದ ಒಬ್ಬ ಹೆಂಗಸು ಓಯಸಿಸಿನ 'ಡೋಂಟ್ ಲುಕ್ ಬ್ಯಾಕ್ ಇನ್ ಆ್ಯಂಗರ್' ಹಾಡನ್ನು ಎತ್ತಿದಳು, ಸುತ್ತಲಿನವರು ದನಿಗೂಡಿಸಿದರು. ಅದಕ್ಕೆ ವೇದಿಕೆಯಿರಲಿಲ್ಲ, ದೀಪವಿರಲಿಲ್ಲ, ಟಿಕೆಟ್ ಇರಲಿಲ್ಲ. ದುಃಖದಲ್ಲಿ ಊರು ಊರನ್ನೇ ಸಂತೈಸಿಕೊಂಡಿತು. ಹಾಡು ಬರೆದವನು ಒಬ್ಬನಿರಬಹುದು. ಅದಕ್ಕೆ ಈ ಅರ್ಥವನ್ನು ಕೊಟ್ಟವರು ಆ ಚೌಕದಲ್ಲಿ ನಿಂತ ಜನ.

ಈಗ ೨೦೨೪ರ ಟಿಕೆಟ್ಟಿಗೆ ಬರೋಣ. ಆ ಶನಿವಾರ ಬೆಳಗಿನಿಂದ ಲಕ್ಷಾಂತರ ಜನ ಕಂಪ್ಯೂಟರ್ ಮುಂದೆ, ಮೊಬೈಲ್ ಮುಂದೆ ಗಂಟೆಗಟ್ಟಲೆ ಸರದಿಯಲ್ಲಿ ಕುಳಿತರು. ೧೫೦ ಪೌಂಡಿನಷ್ಟು ಬೆಲೆಯೆಂದು ತಿಳಿದು ಕಾದವರು ತಮ್ಮ ಸರದಿ ಬಂದಾಗ ಕಂಡದ್ದು ೩೫೫. ಯೋಚಿಸಲು ಕೆಲವೇ ನಿಮಿಷ. ಹಿಂದೆ ಲಕ್ಷ ಜನ ಕಾದಿದ್ದಾರೆ. ಬಿಟ್ಟರೆ ಕೈ ತಪ್ಪುತ್ತದೆ. ಗಲಾಟೆಯಾಯಿತು. ಸ್ಪರ್ಧೆ ಮತ್ತು ಮಾರುಕಟ್ಟೆಗಳನ್ನು ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರ ಸೆಪ್ಟೆಂಬರಿನಲ್ಲಿ ತನಿಖೆಗಿಳಿಯಿತು. ೯ ಲಕ್ಷಕ್ಕೂ ಹೆಚ್ಚು ಟಿಕೆಟ್ಟುಗಳನ್ನು ಮಾರಿದ್ದ ಟಿಕೆಟ್‌ಮಾಸ್ಟರ್ ಕಂಪೆನಿಯ ನಡತೆಯಲ್ಲಿ ಅದಕ್ಕೆ ಕಂಡ ದೋಷಗಳು ಎರಡು. ಒಂದೇ ಬಗೆಯ ನಿಲ್ಲುವ ಟಿಕೆಟ್ಟಿಗೆ ಎರಡು ಬೆಲೆಯಿದೆ, ಕಡಮೆಯದು ಮುಗಿದೊಡನೆ ಹೆಚ್ಚಿನದಕ್ಕೆ ಜಿಗಿಯುತ್ತದೆ ಎಂದು ಕಾದವರಿಗೆ ಹೇಳಲಿಲ್ಲ. 'ಪ್ಲಾಟಿನಂ' ಎಂಬ ಹೆಸರು ಹಚ್ಚಿ ಕೆಲವು ಟಿಕೆಟ್ಟುಗಳನ್ನು ಸುಮಾರು ಎರಡೂವರೆ ಪಟ್ಟಿಗೆ ಮಾರಿದರು. ಅವುಗಳಲ್ಲಿ ಅನೇಕಕ್ಕೆ ಹೆಚ್ಚಿನ ಸೌಕರ್ಯವೇನೂ ಇರಲಿಲ್ಲ. ಯಂತ್ರ ತಾನೇ ಕ್ಷಣಕ್ಷಣಕ್ಕೆ ಬೆಲೆ ಏರಿಸಿತೆಂದು ಜನ ಆಡಿಕೊಂಡಿದ್ದರು. ಪ್ರಾಧಿಕಾರಕ್ಕೆ ಅದರ ಆಧಾರ ಸಿಗಲಿಲ್ಲ. ನ್ಯಾಯವಾಗಿ ಇದನ್ನೂ ಹೇಳಬೇಕು. ಆದರೆ ಇದರಿಂದ ದೋಷ ಹಗುರಾಗುವುದೇ? ಯಂತ್ರ ಮಾಡಿಲ್ಲವೆಂದರೆ ಮನುಷ್ಯರೇ ಕುಳಿತು ಮೊದಲೇ ನಿಶ್ಚಯಿಸಿದ ಬೆಲೆ ಎಂದಾಯಿತು. ೨೦೨೫ರ ಸೆಪ್ಟೆಂಬರಿನಲ್ಲಿ ಕಂಪೆನಿ, ಇನ್ನು ಮುಂದೆ ಇಂಥ ಎರಡು ದರಗಳಿದ್ದರೆ ೨೪ ಗಂಟೆ ಮುಂಚೆ ತಿಳಿಸುತ್ತೇನೆಂದು ಬರೆದುಕೊಟ್ಟಿತು. ದಂಡವಿಲ್ಲ. ಹೆಚ್ಚು ತೆತ್ತವರಿಗೆ ಅದರಿಂದ ಒಂದು ಕಾಸೂ ಹಿಂದಿರುಗಲಿಲ್ಲ.

ಮೇಳದವರು ಏನೆಂದರು? ಟಿಕೆಟ್ಟಿನ ದರದ ವಿಷಯವನ್ನು ವ್ಯವಸ್ಥಾಪಕರಿಗೂ ಏರ್ಪಾಡು ಮಾಡುವವರಿಗೂ ಬಿಟ್ಟಿದ್ದೆವು, ಇಂಥ ದರ ಪದ್ಧತಿ ಬರುವುದು ನಮಗೆ ತಿಳಿದಿರಲಿಲ್ಲ ಎಂದರು. ಗ್ಯಾಸ್ ಕೊಳವೆ ಹಾಕಿದ ಕೈಗಳವರಿಂದ ಬರಬಾರದ ಮಾತು ಇದು. ಜಮೀನುದಾರ ಪಟ್ಟಣದಲ್ಲಿ ಕುಳಿತು, ಗೇಣಿ ಎಷ್ಟೆಂಬುದು ನನಗೆ ತಿಳಿಯದು, ಅದೆಲ್ಲ ಕಾರಭಾರಿಗೆ ಗೊತ್ತು ಎನ್ನುವುದನ್ನು ನಾವು ಕೇಳಿದ್ದೇವೆ. ಗೇಣಿ ಮಾತ್ರ ತಪ್ಪದೆ ಅವನ ಮನೆಗೇ ಬರುತ್ತಿತ್ತು.

ಕೆಲವರು ಹೇಳಬಹುದು: ಇದು ಅಕ್ಕಿಯಲ್ಲ, ಔಷಧಿಯಲ್ಲ, ಹಾಡು ಸುಖದ ವಸ್ತು, ೩೫೫ ಪೌಂಡು ಕೊಟ್ಟವನನ್ನು ಯಾರೂ ಕೈ ಹಿಡಿದು ಎಳೆದುಕೊಂಡು ಹೋಗಲಿಲ್ಲ. ಮಾತು ಮೇಲುನೋಟಕ್ಕೆ ಸರಿ. ಆದರೆ ಅಲ್ಲಿ ಮಾರಿದ್ದು ಯಾವ ವಸ್ತುವನ್ನು? ಹಾಡು ಪ್ರತಿಯೊಬ್ಬನ ಮನೆಯಲ್ಲೂ ಇದೆ, ಬೇಕಾದಾಗ ಕೇಳಬಹುದು. ಆ ಹಾಡುಗಳ ಸುತ್ತ ಮೂವತ್ತು ವರ್ಷ ಕಟ್ಟಿಕೊಂಡ ನೆನಪು, ಸತ್ತ ಗೆಳೆಯನ ಮುಖ, ಮೊದಲ ಪ್ರೀತಿ, ಊರಿನ ಅಭಿಮಾನ, ಚೌಕದಲ್ಲಿ ಅತ್ತ ದಿನ, ಇವೆಲ್ಲ ಕೇಳುಗನ ಸ್ವಂತ ದುಡಿಮೆ. ಕಂಪೆನಿ ಇದರಲ್ಲಿ ಒಂದು ಕಡ್ಡಿಯನ್ನೂ ಎತ್ತಿಡಲಿಲ್ಲ. ಅವನು ಕಟ್ಟಿದ ಮನೆಗೇ ಬಾಗಿಲಲ್ಲಿ ನಿಂತು ಅವನಿಂದ ಸುಂಕ ಎತ್ತಿದರು. ಮೊದಲು ಕೇಳಿದ ಆ ೩೦೦ ಪೌಂಡು ಇದರ ಬೆಲೆ.

ಇಷ್ಟು ಹೇಳಿ ನಿಲ್ಲಿಸಿದರೆ ಅಭಿಮಾನಿಗಳನ್ನು ಮೆಚ್ಚಿಸಿದಂತಾಗುತ್ತದೆ. ಅವರಿಗೂ ಒಂದು ಮಾತು ಹೇಳಬೇಕಾಗಿದೆ. ನೆನಪು ಆರಿಸಿಕೊಂಡು ನೆನೆಯುತ್ತದೆ. ೧೯೯೫-೯೬ ಎಂದರೆ ಬಿಸಿಲು, ಬಯಲು, ಗಿಟಾರು ಎಂದೇ ಅವರು ಹೇಳುತ್ತಾರೆ. ಅದೇ ಸಮಯದಲ್ಲಿ, ಮ್ಯಾಂಚೆಸ್ಟರಿಗೆ ಹತ್ತಿರದ ಲಿವರ್‌ಪೂಲಿನಲ್ಲಿ, ೧೯೯೫ರ ಸೆಪ್ಟೆಂಬರಿನಲ್ಲಿ ಕೆಲಸದಿಂದ ತಳ್ಳಲ್ಪಟ್ಟ ಸುಮಾರು ೫೦೦ ಹಡಗುಕಟ್ಟೆಯ ಕೂಲಿಗಳು ಬೀದಿಯಲ್ಲಿದ್ದರು. ೧೯೯೮ರ ಜನವರಿಯವರೆಗೂ ಹೋರಾಡಿ ಸೋತರು. ಪತ್ರಿಕೆಗಳು ಆ ೧೯೯೫ರಲ್ಲಿ ಬೇರೊಂದು ಕಾಳಗವನ್ನು ಮೊದಲ ಪುಟದಲ್ಲಿ ಹಾಕಿದವು. ಓಯಸಿಸ್ ಮತ್ತು ಬ್ಲರ್ ಎಂಬ ಇನ್ನೊಂದು ಮೇಳ ಆಗಸ್ಟ್ ೧೪ರಂದು ಒಂದೇ ದಿನ ಹಾಡು ಹೊರತಂದವು. ಉತ್ತರದ ಕೂಲಿಕಾರರಿಗೂ ದಕ್ಷಿಣದ ಮಧ್ಯಮ ವರ್ಗದವರಿಗೂ ಯುದ್ಧ ಎಂದು ಬರೆದರು. ಬ್ಲರ್ ೨,೭೪,೦೦೦, ಓಯಸಿಸ್ ೨,೧೬,೦೦೦ ಪ್ರತಿ ಮಾರಿದವು. ಗೆದ್ದವರಾರು? ಒಂದರ ಹಿಂದೆ ಇ.ಎಂ.ಐ. ಕಂಪೆನಿ, ಇನ್ನೊಂದನ್ನು ಹೊರತಂದ ಸಂಸ್ಥೆಯಲ್ಲಿ ೧೯೯೨ರಿಂದಲೇ ಸೋನಿ ಕಂಪೆನಿಗೆ ನೂರಕ್ಕೆ ೪೯ ಪಾಲು. ವರ್ಗಗಳ ಕಾದಾಟವನ್ನೂ ಅಂಗಡಿಯಲ್ಲಿಟ್ಟು ಮಾರಿದರು. ನಿಜವಾದ ಕಾದಾಟ ಹಡಗುಕಟ್ಟೆಯಲ್ಲಿ ಒಂಟಿಯಾಗಿ ನಿಂತಿತು.

ರಾಜಕಾರಣದ ಕತೆಯೂ ಇದೇ. ೧೯೯೬ರ ಫೆಬ್ರವರಿಯಲ್ಲಿ ಪ್ರಶಸ್ತಿ ಸಭೆಯೊಂದರಲ್ಲಿ ನೋಯೆಲ್ ಗ್ಯಾಲಗರ್ ಲೇಬರ್ ಪಕ್ಷದ ಟೋನಿ ಬ್ಲೇರನನ್ನು ಯುವಕರ ಆಶಾಕಿರಣವೆಂದು ಹೊಗಳಿದ. ೧೯೯೭ರ ಮೇ ತಿಂಗಳಲ್ಲಿ ಬ್ಲೇರ್ ಪ್ರಧಾನಿಯಾದ. ಜುಲೈ ೩೦ರಂದು ಪ್ರಧಾನಿಯ ಮನೆಯ ಸತ್ಕಾರದಲ್ಲಿ ಇಬ್ಬರೂ ನಗುತ್ತ ನಿಂತ ಚಿತ್ರ ಎಲ್ಲ ಪತ್ರಿಕೆಗಳಲ್ಲಿ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ಸರ್ಕಾರ, ಒಂಟಿಯಾಗಿ ಮಕ್ಕಳನ್ನು ಸಾಕುವ ತಾಯಂದಿರ ಸಹಾಯಧನವನ್ನು ಕಡಿಯಿತು. ಲೇಬರ್ ಪಕ್ಷದ ೪೭ ಸದಸ್ಯರು ತಮ್ಮ ಸರ್ಕಾರದ ವಿರುದ್ಧವೇ ಮತ ಹಾಕಿದರು. ಮಸೂದೆ ಆದರೂ ಗೆದ್ದಿತು. ಬರ್ನೇಜಿನ ಆ ತಾಯಿ ಒಂಟಿಯಾಗಿ ಮೂವರನ್ನು ಸಾಕಿದ್ದಳೆಂಬುದನ್ನು ವಾಚಕರು ನೆನೆಯಲಿ. ಮಗನ ಕೈಗೆ ಬಟ್ಟಲು ಕೊಟ್ಟ ಮನೆಯೇ ಅಂಥ ತಾಯಂದಿರ ಕೈಯಿಂದ ಕಾಸು ಕಿತ್ತುಕೊಂಡಿತು. ಆ ಚಿತ್ರವನ್ನು ಇಂದು ಹಳೆಯ ಸಂಭ್ರಮವೆಂದು ತೋರಿಸುವವರು ಡಿಸೆಂಬರಿನ ಮತದಾನವನ್ನೂ ಪಕ್ಕದಲ್ಲಿಟ್ಟು ತೋರಿಸಲಿ.

ಇನ್ನೊಂದು ಪ್ರಶ್ನೆ. ಅಂಥ ಮೇಳ ಇಂದು ಅದೇ ಬೀದಿಯಿಂದ ಹುಟ್ಟಿ ಬರಬಲ್ಲುದೇ? ಪುರಸಭೆಯ ಬಾಡಿಗೆ ಮನೆಗಳನ್ನು ಮಾರುವ ಕಾನೂನು ೧೯೮೦ರಲ್ಲೇ ಬಂತು. ಮಾರಿದಷ್ಟು ಮತ್ತೆ ಕಟ್ಟಲಿಲ್ಲ. ಹೊಸಬರು ಹಾಡಿ ಕಲಿಯುವ ಪುಟ್ಟ ಹಾಡುಮನೆಗಳಲ್ಲಿ ೧೨೫ರಷ್ಟು ೨೦೨೩ರ ಒಂದೇ ವರ್ಷದಲ್ಲಿ ಸಂಗೀತವನ್ನು ಕೈಬಿಟ್ಟವು. ಗ್ಲಾಸ್ಗೋವಿನಂಥ ಹಾಡುಮನೆ ಇಲ್ಲದಿದ್ದರೆ ನೆಬ್‌ವರ್ತ್ ಎಲ್ಲಿಂದ ಬಂದೀತು? ದೊಡ್ಡ ಕ್ರೀಡಾಂಗಣಗಳ ಟಿಕೆಟ್ಟಿನಲ್ಲಿ ಒಂದು ಸಣ್ಣ ಪಾಲನ್ನು ಇಂಥ ಹಾಡುಮನೆಗಳಿಗೆ ಎತ್ತಿಡಬೇಕೆಂದು ಪಾರ್ಲಿಮೆಂಟಿನ ಸಮಿತಿಯೊಂದು ೨೦೨೪ರ ಮೇ ತಿಂಗಳಲ್ಲಿ ಸಲಹೆ ಮಾಡಿತು. ೨೦೨೫ರ ನವೆಂಬರಿನಲ್ಲಿ, ಕೊಂಡ ಬೆಲೆಗಿಂತ ಹೆಚ್ಚಿಗೆ ಟಿಕೆಟ್ ಮರುಮಾರಾಟ ಮಾಡುವುದನ್ನು ಕಾನೂನುಬಾಹಿರವಾಗಿಸುವೆನೆಂದು ಸರ್ಕಾರ ಘೋಷಿಸಿತು. ಒಳ್ಳೆಯದೇ. ಆದರೆ ಕಾಳಸಂತೆಯವನನ್ನು ಹಿಡಿದು, ಮೊದಲ ಅಂಗಡಿಯವನ ಬೆಲೆಯನ್ನು ಕೇಳದೆ ಬಿಟ್ಟರೆ ಅರ್ಧ ಕೆಲಸವೇ ಆಯಿತು. ಮಾರಾಟ ತೊಡಗುವ ಮುನ್ನ ಬೆಲೆ ಬರೆದು ಹಚ್ಚಬೇಕು. ಹಚ್ಚಿದ ಬೆಲೆ ಕೊನೆಯ ಟಿಕೆಟ್ಟಿನವರೆಗೆ ಬದಲಾಗಬಾರದು. ಪ್ರತಿ ಟಿಕೆಟ್ಟಿನ ಪಾಲೊಂದು ಕಾನೂನಿನಿಂದಲೇ ಪುಟ್ಟ ಹಾಡುಮನೆಗೆ ಸಲ್ಲಬೇಕು. ಲಕ್ಷಗಟ್ಟಲೆ ಅಭಿಮಾನಿಗಳು ಕೂಡಿ ಹಾಡಬಲ್ಲವರು. ಕೂಡಿ ಇಷ್ಟನ್ನು ಕೇಳಲಾರರೇ?

೨೦೨೫ರ ಜುಲೈ ೪ರಂದು ಕಾರ್ಡಿಫ್ ನಗರದಲ್ಲಿ ಮೇಳ ಮತ್ತೆ ವೇದಿಕೆಯೇರಿತು. ಒಂದು ವಾರದ ಮೇಲೆ ಮ್ಯಾಂಚೆಸ್ಟರಿನ ಹೀಟನ್ ಪಾರ್ಕಿನಲ್ಲಿ ಹಾಡಿತು. ಅಲ್ಲಿ ಟಿಕೆಟ್ ಕೊಳ್ಳಲಾರದವರು, ಸಿಗದವರು, ಉದ್ಯಾನದ ಒಂದು ದಿಬ್ಬದ ಮೇಲೆ ಗುಂಪು ಗುಂಪಾಗಿ ಕುಳಿತರು. ಮಕ್ಕಳನ್ನು ಕರೆತಂದರು. ವೇದಿಕೆ ದೂರವಿತ್ತು, ದನಿ ಮಾತ್ರ ತೇಲಿ ಬರುತ್ತಿತ್ತು. ಅವರೂ ಜೊತೆಗೂಡಿ ಹಾಡಿದರು. ಆ ದಿಬ್ಬಕ್ಕೆ ಜನ ಗ್ಯಾಲಗರ್ ದಿಬ್ಬವೆಂದೇ ಹೆಸರಿಟ್ಟರು. ಅಧಿಕಾರಿಗಳು ಮರಗಿಡಗಳ ರಕ್ಷಣೆಗೆಂದು ಬೇಲಿ ಎಳೆದರು. ಜನ ಬೇಲಿಯ ಈಚೆ ಕುಳಿತು ಕೇಳಿದರು.

೧೯೯೬ರ ನೆಬ್‌ವರ್ತನ್ನು ಹುಡುಕುವವರು ೩೫೫ ಪೌಂಡಿನ ಜಾಗದಲ್ಲಿ ಅದನ್ನು ಕಂಡರೋ ಇಲ್ಲವೋ ನಾನರಿಯೆ. ಆದರೆ ಆ ದಿಬ್ಬದ ಮೇಲೆ ಅದರ ಒಂದು ತುಂಡು ಉಳಿದಿತ್ತು. ಅಲ್ಲಿ ಕುಳಿತ ಮಕ್ಕಳಲ್ಲಿ ಯಾರಾದರೂ ಒಬ್ಬ ನಾಳೆ ಹಾಡು ಕಟ್ಟಬಹುದು. ಅವನಿಗೆ ಇರಲು ಮನೆ, ಕಲಿಯಲು ಪುಟ್ಟ ಹಾಡುಮನೆ, ಕೇಳಲು ಬರುವ ದುಡಿಮೆಗಾರನ ಕೈಗೆ ಎಟಕುವ ಟಿಕೆಟ್, ಈ ಮೂರೂ ಇರುವಂತೆ ನೋಡಿಕೊಳ್ಳುವುದು ಇಂದು ಐವತ್ತು ದಾಟುತ್ತಿರುವ ಆ ಅಭಿಮಾನಿಗಳ ಮೇಲಿರುವ ಸಾಲ.