ಹೊಟ್ಟೆ ಅವಳದು, ಲೆಕ್ಕ ಯಾರದು?

"ಎರಡಾಯ್ತಲ್ಲ, ಆಪ್ರೇಸನ್ ಮಾಡಿಸ್ಕೊಂಡ್ಬುಡವ್ವ." ಕೇರಿಯ ಹುಡುಗಿಗೆ ಈ ವ್ಯವಸ್ಥೆ ಕಲಿಸಿದ ಕುಟುಂಬ ಯೋಜನೆ ಇಷ್ಟೇ. ಹದಿನೆಂಟು ತುಂಬಿತೋ ಇಲ್ಲವೋ ಮದುವೆ, ಇಪ್ಪತ್ತೆರಡಕ್ಕೆ ಎರಡು ಮಕ್ಕಳು, ಆಮೇಲೆ ಹೊಟ್ಟೆಗೆ ಕತ್ತರಿ. ಈ ನಡುವೆ ಒಂದು ದಿನವಾದರೂ "ನಿಂಗೇನು ಬೇಕವ್ವ?" ಅಂತ ಯಾರೂ ಕೇಳಲಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಆದವರು. ಗಂಡಸರ ಆಪರೇಷನ್ ಇಡೀ ದೇಶದಲ್ಲೇ ನೂರಕ್ಕೆ ಒಂದೂ ಇಲ್ಲ. ಹೊಟ್ಟೆ ಕೊಯ್ಯದೆ, ಅದಕ್ಕಿಂತ ಸುಲಭವಾಗಿ ಮುಗಿಯುವ ಚಿಕಿತ್ಸೆ ಗಂಡಸಿನದೇ. ಆದರೆ ಗಂಡಸು ನೇಗಿಲು ಹಿಡಿಯಬೇಕಲ್ಲ, ಶಕ್ತಿ ಹೋಗುತ್ತದಂತೆ! ಬಸಿರು ಹೊತ್ತು ನಾಟಿ ಹಾಕುವವಳ ಶಕ್ತಿಯ ಚಿಂತೆ ಯಾರಿಗೂ ಇಲ್ಲ.

ತುರ್ತು ಪರಿಸ್ಥಿತಿಯಲ್ಲಿ ಬಡ ಗಂಡಸರನ್ನು ಹಿಡಿದು ಹಿಡಿದು ಕತ್ತರಿ ಹಾಕಿದರು. 1977ರಲ್ಲಿ ಆ ಸರ್ಕಾರ ಬಿತ್ತು. ಅಲ್ಲಿಂದ ಕತ್ತರಿ ಹೆಂಗಸರ ಕಡೆ ತಿರುಗಿತು. 1996ರಲ್ಲಿ ಗುರಿ ಪದ್ಧತಿ ಕೈಬಿಟ್ಟೆವು ಎಂದರು. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಬಳಿ ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನೇ ನಿಲ್ಲಿಸಿ ಎನ್ನಬೇಕಾಯಿತು.

ಹಾಗಂತ ಸಂತಾನ ನಿಯಂತ್ರಣವೇ ಮೇಲ್ಜಾತಿಯವರ ಪಿತೂರಿ, ನಮ್ಮ ಓಟು ಕಮ್ಮಿ ಮಾಡೋ ಹುನ್ನಾರ ಎಂದು ಭಾಷಣ ಬಿಗಿಯುವ ನಮ್ಮ ಗೆಳೆಯರನ್ನು ಒಪ್ಪುವವರಲ್ಲ ನಾವು. 1938ರಲ್ಲಿ ಮುಂಬೈ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣಕ್ಕೆ ಸರ್ಕಾರವೇ ಅನುಕೂಲ ಒದಗಿಸಬೇಕೆಂಬ ನಿರ್ಣಯ ಬಂತು. ಅದು ಬಾಬಾಸಾಹೇಬರದು, ಅವರ ಪರವಾಗಿ ಮಂಡಿಸಿದವರು ಪಿ.ಜೆ. ರೋಹಂ. ಸಭೆ ಅದನ್ನು ಸೋಲಿಸಿತು. ಮಿಕ್ಕವರು ಬಡತನ, ಜನಸಂಖ್ಯೆ ಎನ್ನುತ್ತಿದ್ದಾಗ ಪೆರಿಯಾರ್ ಇದು ಹೆಣ್ಣಿನ ಬಿಡುಗಡೆಯ ಪ್ರಶ್ನೆ ಎಂದರು. ಅವ್ವನ ಗರ್ಭವನ್ನು ಓಟಿನ ಕಾರ್ಖಾನೆ ಮಾಡುವವನಿಗೂ ಟಾರ್ಗೆಟ್ ಬರೆಯುವ ಅಧಿಕಾರಿಗೂ ಏನು ವ್ಯತ್ಯಾಸ? ಇನ್ನು ಬಡವರು ಹೆತ್ತೂ ಹೆತ್ತೂ ದೇಶ ಹಾಳಾಯಿತೆನ್ನುವ ಪೇಟೆ ಬುದ್ಧಿವಂತರಿಗೆ ಒಂದೇ ಮಾತು: ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಎರಡು ಮಕ್ಕಳೂ ಇಲ್ಲ.

ನಮ್ಮ ಜಗಳ ಆಯ್ಕೆಯದು. ಹತ್ತೊಂಬತ್ತರ ಹುಡುಗಿಗೆ ಮೊದಲ ಮಗು ಮೂರು ವರ್ಷ ತಡವಾಗಲಿ, ಡಿಗ್ರಿ ಮುಗಿಯಲಿ ಅನ್ನಿಸಿದರೆ ದಾರಿಗಳಿವೆ. ಮೂರು ತಿಂಗಳಿಗೊಂದು ಅಂತರಾ ಚುಚ್ಚುಮದ್ದಿದೆ. ಲಕ್ನೋದ ಪ್ರಯೋಗಾಲಯದಲ್ಲಿ ಹುಟ್ಟಿದ ಛಾಯಾ ಮಾತ್ರೆಯಿದೆ, ಅದು ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ನಮ್ಮವ್ವಂದಿರು ವಂಕಿ ಅನ್ನುತ್ತಿದ್ದ ಕಾಪರ್-ಟಿ ಇದೆ. ರೋಗವನ್ನೂ ತಡೆಯುವ ನಿರೋಧ್ ಇದೆ. ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಅಂತರಾ ತಗೊಂಡರೆ ಮುಟ್ಟು ಏರುಪೇರಾಗಬಹುದು, ನಿಂತೇ ಹೋಗಬಹುದು. ಇದನ್ನು ಮೊದಲೇ ಹೇಳದಿದ್ದರೆ ಹುಡುಗಿ ಹೆದರಿ ಎರಡನೇ ಸೂಜಿಗೆ ಬರೋದಿಲ್ಲ. ಆಮೇಲೆ "ಇವ್ರಿಗೆ ಬುದ್ಧಿ ಇಲ್ಲ" ಅಂತ ಷರಾ ಬೀಳುತ್ತದೆ.

ಇದರಲ್ಲಿ ಯಾವುದಕ್ಕೂ ಗಂಡನ ಸಹಿ ಬೇಕೆಂಬ ಕಾನೂನಿಲ್ಲ. ಅತ್ತೆಯ ಅಪ್ಪಣೆಯಂತೂ ಬೇಕೇ ಇಲ್ಲ. ಮದುವೆಯಾಗದವಳಿಗೂ ಗರ್ಭಪಾತದ ಹಕ್ಕು ಸಮಾನವೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೂ ಔಷಧಿ ಕೌಂಟರಿನ ಮುಂದೆ ತಾಳಿ ಹುಡುಕುವ ಕಣ್ಣುಗಳು ಹೋಗಿಲ್ಲ.

ಹಳ್ಳಿ ಮೇಷ್ಟ್ರುಗಳೇ, ಟೀಚರಮ್ಮಂದಿರೇ, ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ಈ ಪಾಠ ಇದೆ. "ಮನೇಲಿ ಓದ್ಕೊಳ್ಳಿ" ಅಂತ ಹಾಳೆ ಮಗುಚುತ್ತೀರಲ್ಲ, ಆ ಮನೆಯಲ್ಲಿ ಓದಿ ಹೇಳುವವರು ಯಾರಿದ್ದಾರೆ? ಈ ವರ್ಷ ಗಂಡು ಹುಡುಗರನ್ನೂ ಕೂರಿಸಿಕೊಂಡು ಆ ಪಾಠ ಮಾಡಿ. ಊರಿನ ಯಜಮಾನರು ಕೇಳಿಕೊಂಡು ಬಂದರೆ ನಮಗೆ ಹೇಳಿ ಕಳಿಸಿ, ನಾವು ಬರುತ್ತೇವೆ.