ಹೂರಣ ಹಿಂದಿನ ರಾತ್ರಿಯದು, ಹಬ್ಬ ಎಲ್ಲರದು

ಯುಗಾದಿ ಹತ್ತಿರ ಬಂತು ಅಂದ್ರೆ ಫೋನಿಗೆ ಎರಡು ಥರದ ಮೆಸೇಜು ಬರೋಕೆ ಶುರುವಾಗುತ್ತೆ. ಒಂದು, ಒಬ್ಬಟ್ಟು ಮನೆ ಬಾಗಿಲಿಗೇ ತಂದುಕೊಡ್ತೀವಿ ಅನ್ನೋ ಅಂಗಡಿಯವರದ್ದು. ಇನ್ನೊಂದು, ಊರಿಂದ ಅಮ್ಮನದ್ದು: ‘ಎಷ್ಟು ಹೊತ್ತಿಗೆ ಬರ್ತೀಯಾ? ಎಷ್ಟು ಬೇಳೆ ಹಾಕ್ಲಿ?’

ಮೊದಲನೆಯದಕ್ಕೆ ಉತ್ತರ ಸುಲಭ, ದುಡ್ಡು ಕಳಿಸಿದ್ರೆ ಆಯ್ತು. ಎರಡನೆಯದಕ್ಕೆ ನಮ್ಮಲ್ಲಿ ಬಹಳ ಜನ ‘ನೋಡ್ತೀನಮ್ಮ, ಶಿಫ್ಟ್ ಇದೆ’ ಅಂತ ಹಾಕಿ ಸುಮ್ಮನಾಗ್ತೀವಿ. ಆದ್ರೆ ಆ ಪ್ರಶ್ನೆಯೊಳಗೆ ಒಂದು ಲೆಕ್ಕ ಇದೆ ನೋಡಿ. ಒಂದು ಪಾವು ಬೇಳೆಗೆ ಹನ್ನೆರಡರಿಂದ ಹದಿನಾಲ್ಕು ಒಬ್ಬಟ್ಟು. ನೆಂಟರು, ಅಕ್ಕಪಕ್ಕದ ಮನೆ ಎಲ್ಲ ಸೇರಿ ಎರಡು ಸೇರು ಬೇಳೆ ಹಾಕಿದ್ರೆ ನೂರರ ಹತ್ತಿರ. ಅಷ್ಟೂ ಬೇಳೆ ಬೇಯಿಸಿ, ಬಸಿದು, ರುಬ್ಬಿ, ತಟ್ಟಿ, ಸುಡೋದು ಹೆಚ್ಚಿನ ಮನೆಗಳಲ್ಲಿ ಒಬ್ಬರೇ. ಈ ವಾರ ಮಾತು ಆ ಕೈ ಬಗ್ಗೆ, ಮತ್ತೆ ಆ ಕೈಗೆ ಮಾತ್ರ ಗೊತ್ತಿರೋ ಹೂರಣದ ಬಗ್ಗೆ.

ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆ ಹೋಗೋ ಹೆದ್ದಾರಿ ಪಕ್ಕದಲ್ಲೇ ನಮ್ಮ ಆವತಿ. ಇತಿಹಾಸದ ಪುಸ್ತಕದಲ್ಲಿ ನಮ್ಮೂರು ಬರೋದು ಆವತಿ ನಾಡಪ್ರಭುಗಳ ಹೆಸರಲ್ಲಿ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಸುತ್ತಿನ ಮಕ್ಕಳಿಗೆ ಕೆಲಸ ಸಿಕ್ತು, ಜೊತೆಗೆ ಹಬ್ಬದ ದಿನವೂ ಡ್ಯೂಟಿ ಬಂತು. ವಿಮಾನಕ್ಕೆ ಯುಗಾದಿ ರಜೆ ಇಲ್ಲವಲ್ಲ. ಒಂದು ಕಾಲಕ್ಕೆ ಒಂದೇ ಒರಳು ಕಲ್ಲಿನ ಸುತ್ತ ಅತ್ತೆ, ಸೊಸೆ, ಮಗಳು ಕೂತು ಮಾಡ್ತಿದ್ದ ಕೆಲಸ ಈಗ ಒಂದು ಮಿಕ್ಸಿ, ಒಬ್ಬ ಅಮ್ಮನಿಗೆ ಬಂದು ನಿಂತಿದೆ.

ರುಚಿ ನೋಡೋ ಹಾಗಿಲ್ಲ

ಹಬ್ಬದ ಅಡುಗೆಗೆ ಒಂದು ಕಟ್ಟುಪಾಡು ಇದೆ. ದೇವರಿಗೆ ಎಡೆ ಇಡೋವರೆಗೂ ಯಾರೂ ಬಾಯಿಗೆ ಹಾಕೋ ಹಾಗಿಲ್ಲ, ಮಾಡೋರೂ ಕೂಡ. ಚಿಕ್ಕವರಿದ್ದಾಗ ಇದು ನಮಗೆ ಶಿಕ್ಷೆ ಅನ್ನಿಸ್ತಿತ್ತು. ಆದ್ರೆ ಅಡುಗೆ ಮಾಡೋರ ಕಡೆಯಿಂದ ಯೋಚಿಸಿ: ನಾಲಿಗೆಗೆ ತಾಗಿಸದೆ ಸಿಹಿ, ಉಪ್ಪು, ಹದ ಎಲ್ಲ ಸರಿಯಾಗಬೇಕು. ಹಾಗಾಗಿ ಹೂರಣದ ವಿದ್ಯೆ ಎಲ್ಲಾ ಇರೋದು ಬೆರಳಲ್ಲಿ. ‘ಹದ ಬಂತು’ ಅಂತ ಅಜ್ಜಿ ಹೇಳೋದು ಮುಟ್ಟಿ ನೋಡಿ, ತಿಂದು ನೋಡಿ ಅಲ್ಲ.

ಕನ್ನಡದಲ್ಲಿ ಅಡುಗೆ ಬಗ್ಗೆ ಬರೆಯೋದು ಹೊಸದೇನಲ್ಲ. ಮಲ್ಲಭೈರೇಗೌಡರು ದೇವನಹಳ್ಳಿಯಲ್ಲಿ ಕೋಟೆ ಕಟ್ಟಿಸಿದ್ದು 1501ರಲ್ಲಿ. ಅದಾಗಿ ಹತ್ತು ವರ್ಷದೊಳಗೆ, 1508ರ ಆಸುಪಾಸಲ್ಲಿ, ಮೂರನೇ ಮಂಗರಸ ‘ಸೂಪಶಾಸ್ತ್ರ’ ಅನ್ನೋ ಅಡುಗೆ ಪುಸ್ತಕವನ್ನ ಷಟ್ಪದಿಯಲ್ಲಿ ಬರೆದಿದ್ದ. ಐನೂರು ವರ್ಷದಿಂದ ಬರೀತಾನೇ ಇದ್ದೀವಿ. ಆದ್ರೂ ನಮ್ಮಮ್ಮನ ಹೂರಣದ ಹದ ಯಾವ ಪುಸ್ತಕದಲ್ಲೂ ಇಲ್ಲ, ಯೂಟ್ಯೂಬಲ್ಲೂ ಇಲ್ಲ. ಅದನ್ನ ಪಕ್ಕದಲ್ಲಿ ನಿಂತು ಮುಟ್ಟಿಯೇ ಕಲೀಬೇಕು. ಕಲಿಯೋಕೆ ಸಿಗೋದು ವರ್ಷಕ್ಕೆ ಎರಡು ಮೂರು ಹಬ್ಬ. ನಿಮ್ಮಮ್ಮನಿಗೆ ಈಗ ವಯಸ್ಸು ಎಷ್ಟು ಅಂತ ಒಂದು ಸಲ ಲೆಕ್ಕ ಹಾಕಿ. ಇನ್ನೆಷ್ಟು ಯುಗಾದಿ ಅನ್ನೋ ಪ್ರಶ್ನೆ ಚೆನ್ನಾಗಿಲ್ಲ, ಆದ್ರೆ ಕೇಳ್ಕೋಬೇಕಾದ್ದೇ.

ಹಾಗಂತ ಏನೂ ಗೊತ್ತಿಲ್ಲದೆ ಹೋಗಿ ನಿಲ್ಲೋದು ಬೇಡ. ಒಂದು ಪಾವಿನ, ಅಂದ್ರೆ ಹೆಚ್ಚುಕಡಿಮೆ 200 ಗ್ರಾಂ ಬೇಳೆಯ ಲೆಕ್ಕ ಇಲ್ಲಿದೆ. ಇದು ನಮ್ಮ ಕಡೆಯ ತೊಗರಿಬೇಳೆ ಒಬ್ಬಟ್ಟು. ಉತ್ತರ ಕರ್ನಾಟಕದವರು ಕಡಲೆಬೇಳೆ ಹಾಕ್ತಾರೆ, ಅದರ ಹದ ಬೇರೆ.

ಬೇಳೆ: ಎರಡು ಬೆರಳಿನ ಪರೀಕ್ಷೆ

ಬೇಳೆ ತೊಳೆದು ಅರ್ಧ ಗಂಟೆ ನೆನೆಸಿ. ದೊಡ್ಡ ಪಾತ್ರೆಯಲ್ಲಿ ಆರು ಲೋಟ ನೀರು ಕುದಿಸಿ, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ, ಬೇಳೆ ಹಾಕಿ. ಮುಚ್ಚಳ ಪೂರ್ತಿ ಮುಚ್ಚಬೇಡಿ, ಉಕ್ಕಿ ಒಲೆಯೆಲ್ಲ ಆಗುತ್ತೆ.

ಕುಕ್ಕರ್ ಯಾಕೆ ಬೇಡ? ಕುಕ್ಕರಲ್ಲಿ ಬೇಳೆ ಕರಗಿ ನೀರಿನ ಜೊತೆ ಒಂದಾಗಿಬಿಡುತ್ತೆ. ಆಮೇಲೆ ಬಸಿಯೋಕೆ ಏನೂ ಉಳಿಯಲ್ಲ. ತೆರೆದ ಪಾತ್ರೆಯಲ್ಲಾದ್ರೆ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಒಂದು ಕಾಳು ತೆಗೆದು ಹೆಬ್ಬೆರಳು, ತೋರುಬೆರಳ ಮಧ್ಯೆ ಹಿಚುಕಿ ನೋಡಬಹುದು. ಮಧ್ಯದಲ್ಲಿ ಗಟ್ಟಿ ಸಿಗಬಾರದು, ಹಾಗಂತ ಬೆರಳಿಗೆ ಅಂಟೋ ಹಾಗೆ ಕರಗಲೂಬಾರದು. ಹಿಚುಕಿದ್ರೆ ಮೆತ್ತಗೆ ಒಡೆಯಬೇಕು, ಪಾತ್ರೆಯಲ್ಲಿ ಕಾಳಿನ ಆಕಾರ ಉಳಿದಿರಬೇಕು.

ಈಗ ತೂತಿನ ಪಾತ್ರೆಗೆ ಸುರಿದು ಬಸಿಯಿರಿ. ಕೆಳಗೆ ಇಳಿಯೋ ನೀರೇ ಕಟ್ಟು. ಅದನ್ನ ಚೆಲ್ಲಿದ್ರೆ ಅರ್ಧ ಹಬ್ಬ ಚೆಲ್ಲಿದ ಹಾಗೆ, ಎತ್ತಿಡಿ. ಬೇಳೆಯನ್ನ ಅಲ್ಲೇ ಹದಿನೈದು ನಿಮಿಷ ಬಿಡಿ, ಆಗಾಗ ಪಾತ್ರೆ ಅಲ್ಲಾಡಿಸಿ.

ಬೆಲ್ಲ: ಎಲ್ಲಾ ನೀರಿನ ಆಟ

ಹೂರಣದ ಕಷ್ಟವೆಲ್ಲ ನೀರಲ್ಲೇ ಇದೆ. ಬಸಿದ ಬೇಳೆ ಒಣಗಿದ ಹಾಗೆ ಕಾಣುತ್ತೆ. ಬೆಲ್ಲ ಬಿದ್ದ ತಕ್ಷಣ ಎರಡೂ ಸೇರಿ ಪಾಯಸದ ಥರ ಆಗುತ್ತೆ. ಹೊಸಬರು ಗಾಬರಿಯಾಗೋದು ಇಲ್ಲೇ. ಗಾಬರಿ ಬೇಡ, ಬೆಲ್ಲ ಕರಗಿದ್ರೆ ನೀರಾಗೋದು ಸಹಜ. ಸಣ್ಣ ಉರಿಯಲ್ಲಿ, ಅಗಲವಾದ ಬಾಂಡ್ಲಿಯಲ್ಲಿ ಆ ನೀರು ಆರಬೇಕು ಅಷ್ಟೇ.

ಬೇಳೆ ಪೂರ್ತಿ ಬೇಯೋ ಮುಂಚೆ ಮಾತ್ರ ಬೆಲ್ಲ ಹಾಕಬೇಡಿ. ಬೆಲ್ಲ ಸೇರಿದ ಮೇಲೆ ಬೇಳೆ ಮೆತ್ತಗಾಗಲ್ಲ, ಎಷ್ಟು ಹೊತ್ತು ಬೇಯಿಸಿದ್ರೂ ಗಟ್ಟಿ ಉಳಿದುಬಿಡುತ್ತೆ.

ಅಳತೆ: 200 ಗ್ರಾಂ ಬೇಳೆಗೆ 175 ಗ್ರಾಂ ಕುಟ್ಟಿದ ಬೆಲ್ಲ, ಅರ್ಧ ಬಟ್ಟಲು ಕಾಯಿತುರಿ, ನಾಲ್ಕು ಏಲಕ್ಕಿ, ಒಂದೇ ಒಂದು ಚಿಟಿಕೆ ಉಪ್ಪು. ಬೆಲ್ಲದಲ್ಲಿ ಕಸ, ಮರಳು ಇದ್ರೆ ಎರಡು ಚಮಚ ನೀರಲ್ಲಿ ಕರಗಿಸಿ ಸೋಸಿಕೊಳ್ಳಿ. ಬೇಳೆ, ಬೆಲ್ಲ, ಕಾಯಿ ಕೂಡಿಸಿ ತಿರುವುತ್ತಾ ಹೋಗಿ. ಬಾಂಡ್ಲಿ ಅಂಚು ಬಿಟ್ಟು ಮುದ್ದೆಯಾಗೋಕೆ ಶುರುವಾದಾಗ ಇಳಿಸಿ, ಆರಿದ ಮೇಲೆ ಏಲಕ್ಕಿ ಸೇರಿಸಿ ಒಂದು ಹನಿ ನೀರೂ ಹಾಕದೆ ರುಬ್ಬಿ. ಒರಳಾದ್ರೆ ಬಹಳ ನಯ. ಮಿಕ್ಸಿಯಾದ್ರೆ ಸ್ವಲ್ಪ ಸ್ವಲ್ಪವೇ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದು ಇಡಿ ಬೇಳೆ ಸಿಕ್ಕಿಕೊಂಡಿದ್ರೂ ತಟ್ಟುವಾಗ ಕಣಕ ಅಲ್ಲೇ ಹರಿಯುತ್ತೆ.

ಹದ ಬಂತಾ ಅಂತ ನೋಡೋದು ಹೇಗೆ? ನಿಂಬೆಹಣ್ಣಿನಷ್ಟು ಉಂಡೆ ಮಾಡಿ. ಕೈಗೆ ಅಂಟಬಾರದು. ತಟ್ಟೆ ಮೇಲೆ ಇಟ್ರೆ ಕುಸಿಯಬಾರದು. ಮೇಲೆ ಮೆತ್ತಗೆ ಒತ್ತಿದ್ರೆ ಅಂಚು ಬಿರುಕು ಬಿಡಬಾರದು. ಕುಸಿದ್ರೆ ಮತ್ತೆ ಬಾಂಡ್ಲಿಗೆ ಹಾಕಿ ಐದು ನಿಮಿಷ ಆರಿಸಿ, ಇಲ್ಲಾಂದ್ರೆ ಎರಡು ಚಮಚ ಹುರಿಗಡಲೆ ಹಿಟ್ಟು ಬೆರೆಸಿ. ಬಿರುಕು ಬಿಟ್ರೆ ಒಂದು ಚಮಚ ಬಿಸಿ ಹಾಲು ಸಾಕು.

ಇದು ನಮ್ಮದೊಂದೇ ತಲೆನೋವಲ್ಲ. ನವೆಂಬರ್ ನಾಲ್ಕನೇ ಗುರುವಾರ ನಿಮ್ಮ ಅಮೆರಿಕದ ಟೀಮು ಥ್ಯಾಂಕ್ಸ್‌ಗಿವಿಂಗ್ ಅಂತ ರಜೆ ಹಾಕುತ್ತಲ್ಲ, ಆವತ್ತು ಅವರ ಮನೆಗಳಲ್ಲೂ ಒಂದು ಹೂರಣ ಆಗುತ್ತೆ. ಬ್ರೆಡ್ ತುಂಡು, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಸೆಲರಿ, ಸೇಜ್ ಸೊಪ್ಪು, ಮಾಂಸ ಬೇಯಿಸಿದ ರಸ, ಇಷ್ಟನ್ನ ಕಲಸಿ ಟರ್ಕಿ ಕೋಳಿಯ ಹೊಟ್ಟೆಗೆ ತುಂಬ್ತಾರೆ ಅಥವಾ ತಟ್ಟೆಯಲ್ಲಿ ಹಾಕಿ ಓವನ್‌ನಲ್ಲಿ ಬೇಯಿಸ್ತಾರೆ. ಅಲ್ಲಿನ ಅಜ್ಜಿಯರೂ ಹೇಳೋದು ಇದನ್ನೇ: ಬ್ರೆಡ್ಡನ್ನ ಹಿಂದಿನ ದಿನವೇ ಕತ್ತರಿಸಿ ಒಣಗಿಸಿಡು, ಹಸಿ ಬ್ರೆಡ್ ರಸ ಕುಡಿದು ಗಂಜಿಯಾಗುತ್ತೆ. ಅಲ್ಲೂ ಇಲ್ಲೂ ಒಂದೇ ಮಾತು. ನೀರು ಆರೋಕೆ ಹೊತ್ತು ಬೇಕು, ಆ ಹೊತ್ತು ಹಬ್ಬದ ಬೆಳಗ್ಗೆ ಸಿಗಲ್ಲ.

ಅದಕ್ಕೇ ಹಿಂದಿನ ರಾತ್ರಿ

ಹೂರಣ ಆರಿದಷ್ಟೂ ಗಟ್ಟಿಯಾಗುತ್ತೆ. ರಾತ್ರಿ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಲ್ಲಿಡಿ. ಬಿಸಿ ಇರುವಾಗಲೇ ಮುಚ್ಚಿದ್ರೆ ಹಬೆ ನೀರಾಗಿ ಮತ್ತೆ ಅದರೊಳಗೇ ಇಳಿಯುತ್ತೆ. ಬೆಳಗ್ಗೆ ತೆಗೆದು ಉಂಡೆ ಕಟ್ಟಿದ್ರೆ ಆಯ್ತು. ಫ್ರಿಜ್ಜಲ್ಲಿ ಮೂರು ದಿನ ಇರುತ್ತೆ. ಇನ್ನೂ ಹೆಚ್ಚು ದಿನ ಬೇಕು ಅನ್ನೋರು ಕಾಯಿ ಬಿಟ್ಟು ಮಾಡಿ, ಮೊದಲು ಹಳಸೋದು ಕಾಯೇ.

ಕಟ್ಟಿನ ವಿಷಯದಲ್ಲಿ ಹುಷಾರು. ಯುಗಾದಿ ಹೊತ್ತಿಗೆ ಬಿಸಿಲು ಏರಿರುತ್ತೆ, ಹೊರಗಿಟ್ಟ ಕಟ್ಟು ಬೆಳಗಾಗೋದ್ರಲ್ಲಿ ಹುಳಿಯಾಗುತ್ತೆ. ಅದಕ್ಕೂ ಫ್ರಿಜ್ಜೇ, ಬೆಳಗ್ಗೆ ಚೆನ್ನಾಗಿ ಕುದಿಸಿ.

ಕೆಲವು ಮನೆಗಳಲ್ಲಿ ಮಡಿ ಇರುತ್ತೆ. ಎಣ್ಣೆ ಸ್ನಾನ ಆಗದೆ ಎಡೆಯ ಅಡುಗೆಗೆ ಒಲೆ ಹಚ್ಚೋ ಹಾಗಿಲ್ಲ. ಅದಕ್ಕೆ ವಾದ ಬೇಡ. ಅಂಥ ಮನೆಯಲ್ಲೂ ಬೆಲ್ಲ ಕುಟ್ಟೋದು, ಬೇಳೆ ಆರಿಸೋದು, ಏಲಕ್ಕಿ ಬಿಡಿಸೋದು, ಪಾತ್ರೆ ಹೊಂದಿಸೋದು ರಾತ್ರಿಯೇ ಮುಗಿಸಬಹುದು. ಅಷ್ಟಾದ್ರೂ ಬೆಳಗ್ಗೆ ಒಂದು ಗಂಟೆ ಉಳಿಯುತ್ತೆ.

ಕಣಕ: ಮುಟ್ಟದೆ ಬಿಡೋದೇ ಕೆಲಸ

ಬೆಳಗ್ಗೆ ಎದ್ದ ತಕ್ಷಣ ಮೊದಲು ಕಣಕ. 150 ಗ್ರಾಂ ಚಿರೋಟಿ ರವೆ ಅಥವಾ ಮೈದಾ, ಚಿಟಿಕೆ ಅರಿಶಿನ, ಚಿಟಿಕೆ ಉಪ್ಪು, ನೀರು. ಚಪಾತಿ ಹಿಟ್ಟಿಗಿಂತ ಸಡಿಲವಾಗಿ ಕಲಸಿ, ಹತ್ತು ನಿಮಿಷ ನಾದಿ, ಮೇಲೆ ನಾಲ್ಕೈದು ಚಮಚ ಎಣ್ಣೆ ಹಾಕಿ ಮುಚ್ಚಿಡಿ. ಕಡಿಮೆ ಅಂದ್ರೆ ಎರಡು ಗಂಟೆ ಮುಟ್ಟಬೇಡಿ. ನಾದಿದ ಹಿಟ್ಟು ರಬ್ಬರ್ ಥರ ಎಳೆದು ವಾಪಸ್ ಬರುತ್ತೆ, ನೆಂದ ಮೇಲೆ ಎಳೆದಷ್ಟೂ ಬರುತ್ತೆ. ಎರಡು ಬೆರಳಲ್ಲಿ ಹಿಡಿದೆತ್ತಿದ್ರೆ ಹರಿಯದೆ ಉದ್ದಕ್ಕೆ ಜೋತುಬೀಳಬೇಕು. ಆಗ ಸರಿ.

ಹೂರಣದ ಉಂಡೆಯ ಅರ್ಧದಷ್ಟು ಕಣಕ ಸಾಕು. ಎಣ್ಣೆ ಸವರಿದ ಬಾಳೆ ಎಲೆ ಮೇಲೆ ಕಣಕ ಅಗಲ ಮಾಡಿ, ಹೂರಣ ಇಟ್ಟು, ಸುತ್ತಲಿಂದ ಎಳೆದು ಮುಚ್ಚಿ, ಮುಚ್ಚಿದ ಕಡೆ ಕೆಳಗೆ ಬರೋ ಹಾಗೆ ಮಗುಚಿ ಬೆರಳ ತುದಿಯಿಂದ ತಟ್ಟಿ. ಮಧ್ಯದಿಂದ ಅಂಚಿಗೆ ಹೋಗಬೇಕು. ಕಾವಲಿ ಕಾದಿರಲಿ, ಉರಿ ಮಧ್ಯಮ ಇರಲಿ. ಮೊದಲನೆಯದು ಹರಿದ್ರೆ ಬೇಜಾರಿಲ್ಲ, ಎಡೆ ಆದ ಮೇಲೆ ಅದು ತಟ್ಟಿದವರ ಪಾಲು.

ಕಟ್ಟಿನ ಸಾರು

ಒಬ್ಬಟ್ಟಿನ ಅಂಗಡಿಯಲ್ಲಿ ಎಲ್ಲಾ ಸಿಗುತ್ತೆ: ಕಾಯಿ, ಖರ್ಜೂರ, ಕ್ಯಾರೆಟ್ ಒಬ್ಬಟ್ಟು ಕೂಡ. ನಿಮ್ಮ ಮನೆ ಕಟ್ಟು ಮಾತ್ರ ಅಲ್ಲಿ ಸಿಗಲ್ಲ. ಬೇಳೆ ಬೆಂದ ಮನೆಯಲ್ಲೇ ಒಬ್ಬಟ್ಟಿನ ಸಾರು ಹುಟ್ಟೋದು.

ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ ಎಣ್ಣೆಯಲ್ಲಿ ಬಾಡಿಸಿ. ಅರ್ಧ ಬಟ್ಟಲು ಕಾಯಿ, ಎರಡು ಚಮಚ ಮನೆ ಸಾರಿನ ಪುಡಿ, ಸ್ವಲ್ಪ ಹುಣಸೆಹಣ್ಣು, ಒಂದು ಉಂಡೆ ಹೂರಣ ಸೇರಿಸಿ ರುಬ್ಬಿ. ಕಟ್ಟಿಗೆ ಬೆರೆಸಿ, ಉಪ್ಪು ಹಾಕಿ ಕುದಿಸಿ, ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ ಒಗ್ಗರಣೆ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಹಾಕದ ಮನೆಯವರು ಇಂಗು ಹಾಕ್ತಾರೆ. ಖಾರ, ಹುಳಿ, ಸಿಹಿ ಮೂರೂ ಇರೋ ಈ ಸಾರು ಕುದಿಸಿದಷ್ಟೂ ರುಚಿ. ಮಾರನೇ ದಿನ ಹೊಸತೊಡಕಿಗೆ ಮಾಂಸದ ಸಾರು ಕುದೀತಿದ್ರೂ, ಹಿಂದಿನ ದಿನದ ಒಬ್ಬಟ್ಟಿನ ಸಾರನ್ನ ಹುಡುಕಿಕೊಂಡು ಹೋಗೋರು ಪ್ರತಿ ಮನೆಯಲ್ಲೂ ಒಬ್ಬರಿರ್ತಾರೆ.

ಕೈ ಹಂಚಿಕೊಳ್ಳಿ

ಇಷ್ಟು ಓದಿದ ಮೇಲೆ ಒಂದು ಗಮನಿಸಿರ್ತೀರಿ. ಇದರಲ್ಲಿ ಯಾವ ಕೆಲಸವೂ ಹೆಂಗಸರಿಗೆ ಮಾತ್ರ ಬರುವಂಥದ್ದಲ್ಲ. ಬೆಲ್ಲ ಕುಟ್ಟೋಕೆ, ಬಿಸಿ ಪಾತ್ರೆ ಎತ್ತಿ ಬಸಿಯೋಕೆ, ಅರ್ಧ ಗಂಟೆ ಬಾಂಡ್ಲಿ ತಿರುವೋಕೆ ತೋಳಿನ ಬಲ ಬೇಕು. ಮನೆಯಲ್ಲಿ ಜಿಮ್ಮಿಗೆ ಹೋಗೋ ತಮ್ಮನಿಗೆ ಅದನ್ನ ಕೊಡಿ. ಅಪ್ಪ ಕಾಯಿ ತುರೀಲಿ. ಕಣಕ ಕಲಸೋದು ಅಳಿಯನಿಗೂ ಬರುತ್ತೆ, ಹೇಳಿಕೊಡಬೇಕು ಅಷ್ಟೇ. ತಟ್ಟೋದು ಒಬ್ಬರು, ಸುಡೋದು ಇನ್ನೊಬ್ಬರು ಆದ್ರೆ ನೂರು ಒಬ್ಬಟ್ಟು ಕೂಡ ಹೊರೆಯಾಗಲ್ಲ.

ಅಮ್ಮನಿಗೆ ಏನು ಕೆಲಸ? ಒಂದು ಕುರ್ಚಿ ಹಾಕಿ ಒಲೆ ಹತ್ತಿರ ಕೂರಿಸಿ. ಬೇಳೆ ಬೆಂತಾ, ಹೂರಣ ಆಯ್ತಾ ಅಂತ ಮುಟ್ಟಿ ಹೇಳೋದು ಅವರೇ. ಅವರು ಮುಟ್ಟಿದ ಮೇಲೆ ನೀವೂ ಮುಟ್ಟಿ ನೋಡಿ. ‘ಇನ್ನೂ ಒಂಚೂರು’ ಅಂದ್ರೆ ಎಷ್ಟು ಅಂತ ಆಗ ಗೊತ್ತಾಗುತ್ತೆ.

ಹಬ್ಬದ ದಿನ ಡ್ಯೂಟಿ ತಪ್ಪಲ್ಲ ಅನ್ನೋರು ಹಿಂದಿನ ರಾತ್ರಿಯಾದ್ರೂ ಬನ್ನಿ. ಹೂರಣ ಆಗೋದು ಆವಾಗಲೇ. ಬೆಳಗ್ಗೆ ಶಿಫ್ಟಿಗೆ ಹೋಗಿ ಸಂಜೆ ವಾಪಸ್ ಬಂದ್ರೂ, ಬಿಸಿ ಮಾಡಿದ ಒಬ್ಬಟ್ಟು, ಮೇಲೆ ಒಂದು ಮಿಳ್ಳೆ ತುಪ್ಪ, ಪಕ್ಕದಲ್ಲಿ ಸಾರು ಕಾಯ್ತಿರುತ್ತೆ. ಎಲೆ ಹಾಕಿದಾಗ ಒಂದೇ ಒಂದು ನೋಡ್ಕೊಳ್ಳಿ: ಅಮ್ಮನೂ ಎಲ್ಲರ ಜೊತೆ ಮೊದಲ ಪಂಕ್ತಿಯಲ್ಲೇ ಕೂತಿರಲಿ.